ಕಟ್ಟಡಕ್ಕೆಂದು ರಚಿಸಿದ ಸಂಗೀತ ಯಾರ ಕಿವಿಗೆ?

ವಿಜಯಪುರದ ಗೋಲಗುಮ್ಮಟವನ್ನು ಹತ್ತಿ ಬಂದವರೆಲ್ಲರೂ ಹೇಳುವ ಅನುಭವವೊಂದುಂಟು. ಗುಮ್ಮಟದ ಒಳಸುತ್ತಿನ ಮೊಗಸಾಲೆಯ ಒಂದು ಬದಿಯಲ್ಲಿ ನಿಂತು ಗೋಡೆಯತ್ತ ಮುಖಮಾಡಿ ಪಿಸುಗುಟ್ಟಿದರೆ, ಸುಮಾರು 37 ಮೀಟರ್ ದೂರದ ಎದುರುಬದಿಯಲ್ಲಿ ಗೋಡೆಗೆ ಕಿವಿಯಿಟ್ಟವನಿಗೆ ಆ ಮಾತು ಪಕ್ಕದಲ್ಲೇ ಆಡಿದಂತೆ ಕೇಳಿಸುತ್ತದೆ. ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಈ ಸಮಾಧಿಮಂದಿರವನ್ನು ಸಂಗೀತಕ್ಕೆಂದು ಕಟ್ಟಿದ್ದಲ್ಲ. ಆದರೂ ಕಲ್ಲು ಗಾರೆಗಳ ಈ ಮಹಾಗೋಲವು ಬಾಯಿಬಿಟ್ಟ ಪ್ರತಿಯೊಬ್ಬನಿಗೂ ಉತ್ತರ ಕೊಡುತ್ತದೆ. ರಜಾದಿನಗಳಲ್ಲಿ ಮಾತ್ರ ಅಲ್ಲಿ ಯಾವ ಪಿಸುಮಾತೂ ಕೇಳಿಸುವುದಿಲ್ಲ. ನೂರು ಮಂದಿ ಒಮ್ಮೆಗೇ ಕೂಗುತ್ತಾರೆ. ಗುಮ್ಮಟವು ನೂರು ಕೂಗುಗಳನ್ನೂ ಏಳೇಳು ಪಟ್ಟು ಮಾಡಿ ಎಲ್ಲರ ತಲೆಯ ಮೇಲೆ ಸುರಿಯುತ್ತದೆ. ಅಲ್ಲಿ ಒಬ್ಬನಿಗೆ ಏನಾದರೂ ಕೇಳಿಸಬೇಕಾದರೆ ಉಳಿದವರು ಸುಮ್ಮನಿರಬೇಕು.

ಶಬ್ದ ಮತ್ತು ಸ್ಥಳಗಳ ಈ ಸಂಬಂಧವು ಕೇವಲ ಭೌತಶಾಸ್ತ್ರದ ವಿಷಯವೆಂದು ಬಹುಮಂದಿ ತಿಳಿದಿದ್ದಾರೆ. ಗೋಡೆ ಎಷ್ಟು ದಪ್ಪ, ಮಾಡು ಎಷ್ಟು ಎತ್ತರ, ಮರವೋ ಕಲ್ಲೋ ಎಂಬಷ್ಟರಲ್ಲೇ ಅವರ ವಿಚಾರ ಮುಗಿಯುತ್ತದೆ. ಆದರೆ ನಿರ್ದಿಷ್ಟವಾದ ಒಂದು ಕಟ್ಟಡಕ್ಕೆಂದೇ ಸಂಗೀತವನ್ನು ರಚಿಸುವವನ ಮುಂದೆ ಇನ್ನೊಂದು ಪ್ರಶ್ನೆಯೂ ನಿಂತಿರುತ್ತದೆ. ಯಾವ ಕಟ್ಟಡದಲ್ಲಿಯೂ ಎಲ್ಲ ಜಾಗಗಳೂ ಒಂದೇ ತೆರನಾಗಿ ಕೇಳಿಸುವುದಿಲ್ಲ. ಒಂದೆಡೆ ಸ್ವರ ಸ್ಫುಟ, ಇನ್ನೊಂದೆಡೆ ಕಲಸುಮೇಲೋಗರ. ಹಾಗಿರುವಾಗ ಸ್ಥಳವನ್ನು ಅರಿತು ರಚಿಸುವವನು, ತಿಳಿದೋ ತಿಳಿಯದೆಯೋ, ಯಾರಿಗೆ ಚೆನ್ನಾಗಿ ಕೇಳಿಸಬೇಕೆಂಬುದನ್ನೂ ನಿರ್ಣಯಿಸುತ್ತಾನೆ. ಈ ನಿರ್ಣಯದ ಹೊಣೆ ಅವನದೇ? ಅಥವಾ ಕಲ್ಲನ್ನು ಜೋಡಿಸಿದವನದೇ? ಪೀಠವನ್ನು ಹಾಕಿಸಿದವನದೇ?

ವಿಚಾರಕ್ಕೆ ತೊಡಗುವ ಮುನ್ನ ಶಾಸ್ತ್ರದ ಒಂದಂಶವನ್ನು ತಿಳಿದಿರುವುದು ಒಳ್ಳೆಯದು. ಹಾಡುವವನು ನಿಲ್ಲಿಸಿದ ಮೇಲೂ ನಾದ ಒಡನೆ ಸಾಯುವುದಿಲ್ಲ. ಗೋಡೆಯಿಂದ ಗೋಡೆಗೆ ಬಡಿಯುತ್ತ ಕ್ರಮೇಣ ಕ್ಷೀಣಿಸುತ್ತದೆ. ಇದನ್ನೇ ಅನುರಣನವೆನ್ನುತ್ತಾರೆ. ಇದನ್ನು ಮೊದಲು ಕ್ರಮವಾಗಿ ಅಳೆದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಅಧ್ಯಾಪಕ ವಾಲೇಸ್ ಸಬೀನ್. 1895ರಲ್ಲಿ ಅಲ್ಲಿಯ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಒಂದು ಮಾತು ಐದು ಸೆಕೆಂಡುಗಳಿಗೂ ಮೀರಿ ಗುಂಯ್ಗುಡುತ್ತಿದ್ದುದರಿಂದ ಪಾಠ ಮಾಡುವುದೇ ಅಸಾಧ್ಯವಾಗಿತ್ತು. ಸಬೀನನು ಇನ್ನೊಂದು ರಂಗಮಂದಿರದ ಪೀಠಗಳ ಮೆತ್ತೆಗಳನ್ನು ಹೊರಿಸಿ ತಂದು, ಊರು ಮಲಗಿದ ಹೊತ್ತಿನಲ್ಲಿ ಆರ್ಗನ್ನಿನ ಒಂದು ಕೊಳವೆಯನ್ನು ಊದಿಸಿ, ನಾದ ಪೂರ್ತಿ ಅಳಿಯಲು ಹಿಡಿಯುವ ಕಾಲವನ್ನು ಗಡಿಯಾರದಿಂದ ಗುರುತಿಸತೊಡಗಿದ. ಅವನ ಅಳತೆಯ ಮಾನ ಬಹಳ ಅರ್ಥವತ್ತಾದುದು: ಶಬ್ದವನ್ನು ಪೂರ್ಣವಾಗಿ ಹೊರಬಿಟ್ಟು ಮರಳಿ ಕೊಡದ ತೆರೆದ ಕಿಟಕಿ. ಮೆತ್ತೆ, ಪರದೆ, ಜಮಖಾನ ಎಲ್ಲವನ್ನೂ ಅವನು ಇಷ್ಟು ಅಗಲದ ತೆರೆದ ಕಿಟಕಿಗೆ ಸಮ ಎಂದು ಲೆಕ್ಕ ಹಾಕಿದ. ಆ ಪಟ್ಟಿಯಲ್ಲಿ ಮನುಷ್ಯರೂ ಸೇರಿದ್ದರು. ಕೇಳಲು ಬಂದು ಕುಳಿತವನ ಮೈ, ಅವನು ಉಟ್ಟ ಬಟ್ಟೆ, ಶಬ್ದವನ್ನು ನುಂಗಿಕೊಳ್ಳುತ್ತದೆ. ಬರಿದಾದ ಮಂದಿರ ಒಂದು ವಾದ್ಯ. ಜನ ತುಂಬಿದ ಮಂದಿರ ಬೇರೊಂದು ವಾದ್ಯ. ಶ್ರೋತೃವು ಸಂಗೀತದ ಹೊರಗೆ ಕುಳಿತವನಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪ್ರಮಾಣ ಬೇಕಿಲ್ಲ.

ಸಬೀನನಿಗಿಂತ ಶತಮಾನಗಳ ಹಿಂದೆಯೇ, ಗಡಿಯಾರವಿಲ್ಲದೆ, ಕಿವಿಯೊಂದರಿಂದಲೇ ಕಟ್ಟಡವನ್ನು ಅಳೆದ ರಚನಕಾರರಿದ್ದರು. ಅವರಲ್ಲಿ ಪ್ರಸಿದ್ಧರಾದವರು ವೆನಿಸ್ ನಗರದ ಸಂತ ಮಾರ್ಕನ ಇಗರ್ಜಿಗೆ ಸೇರಿದವರು. ಐದು ಗುಮ್ಮಟಗಳ, ಹೊಂಬಣ್ಣದ ಗಾಜುಚೂರುಗಳ ಚಿತ್ತಾರದಿಂದ ಒಳಮೈಯೆಲ್ಲ ಹೊಳೆಯುವ ಆ ದೇವಾಲಯದಲ್ಲಿ ನಾದ ಬಹುಕಾಲ ನಿಲ್ಲುತ್ತದೆ. ಅಂಥಲ್ಲಿ ಬೇಗಬೇಗ ಸ್ವರ ಬದಲಿಸುವ ಸಂಗೀತವನ್ನು ಹಾಡಿದರೆ, ಹಿಂದಿನ ಸ್ವರ ಸಾಯುವ ಮೊದಲೇ ಮುಂದಿನದು ಬಂದು, ಒಂದರ ಮೇಲೊಂದು ಬಿದ್ದು, ಕೇಳುವವನಿಗೆ ಗದ್ದಲವಷ್ಟೇ ಉಳಿಯುತ್ತದೆ. ಫ್ಲಾಂಡರ್ಸ್ ನಾಡಿನಿಂದ ಬಂದು 1527ರಲ್ಲಿ ಅಲ್ಲಿಯ ಸಂಗೀತಾಧಿಪತಿಯಾಗಿ, 1562ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದ ಆಡ್ರಿಯಾನ್ ವಿಲಾರ್ಟ್ ಗಾಯಕರನ್ನು ಎರಡು ವೃಂದಗಳಾಗಿ ಒಡೆದು, ಒಂದು ಹಾಡಿ ಮುಗಿಸಿದಾಗ ಇನ್ನೊಂದು ಎತ್ತಿಕೊಳ್ಳುವಂತೆ ಕೀರ್ತನೆಗಳನ್ನು ಯೋಜಿಸಿದ. ಈ ಕ್ರಮವನ್ನು ಕಂಡುಹಿಡಿದವನು ಅವನೇ ಅಲ್ಲ. ಉತ್ತರ ಇಟಲಿಯ ಬೇರೆ ಊರುಗಳಲ್ಲೂ ಅದು ಮೊದಲೇ ಇತ್ತು. ಆದರೆ ವೆನಿಸ್ಸಿನಲ್ಲಿ ಅದು ಬೇರುಬಿಟ್ಟು ಬೆಳೆಯಿತು. ಅವನ ನಂತರ ಆಂದ್ರೆಯಾ ಗಾಬ್ರಿಯೇಲಿ, ಆಮೇಲೆ ಅವನ ಅಣ್ಣತಮ್ಮಂದಿರ ಮಗ ಜೊವಾನ್ನಿ ಗಾಬ್ರಿಯೇಲಿ ಗಾಯಕರ ಜೊತೆಗೆ ಕಹಳೆ ಕೊಂಬುಗಳ ಜಾತಿಯ ವಾದ್ಯಗಳನ್ನೂ ಬೇರೆ ಬೇರೆ ಗುಂಪುಗಳಾಗಿ ಸೇರಿಸಿದರು. ಜೊವಾನ್ನಿಯು 1597ರಲ್ಲಿ ಅಚ್ಚು ಹಾಕಿಸಿದ ಸಂಗ್ರಹದಲ್ಲಿ, ಯಾವ ಭಾಗವನ್ನು ಮೆಲ್ಲಗೆ ನುಡಿಸಬೇಕು, ಯಾವುದನ್ನು ಗಟ್ಟಿಯಾಗಿ ನುಡಿಸಬೇಕು ಎಂದು ಸ್ವರಗಳ ಜೊತೆಯಲ್ಲೇ ಗುರುತು ಹಾಕಿದ ಕೃತಿಯೊಂದಿದೆ. ಹಾಗೆ ಬರೆದಿಟ್ಟ ಅತಿ ಹಳೆಯ ಕೃತಿಗಳಲ್ಲಿ ಅದೂ ಒಂದು. ದೂರ ಹತ್ತಿರಗಳನ್ನು, ಮುಂದು ಹಿಂದುಗಳನ್ನು ಕಾಗದದ ಮೇಲೆ ಇಳಿಸುವ ಪ್ರಯತ್ನವದು.

ಈ ಸಂಗೀತವನ್ನು ಬಣ್ಣಿಸುವವರು, ಗುಮ್ಮಟಗಳ ಕೆಳಗೆ ನೆರೆದ ಜನಸ್ತೋಮವು ಎಡದಿಂದಲೂ ಬಲದಿಂದಲೂ ಬರುವ ನಾದದಲ್ಲಿ ಮುಳುಗೇಳುತ್ತಿತ್ತೆಂದು ಬಹುಕಾಲ ಬರೆದರು. ಓದಲು ಸೊಗಸಾದ ಚಿತ್ರ. ಆದರೆ ಕೇಂಬ್ರಿಜ್ಜಿನ ವಾಸ್ತುಶಿಲ್ಪ ಇತಿಹಾಸಜ್ಞೆ ಡೆಬೊರಾ ಹೊವರ್ಡ್ ಹಾಗೂ ಲೌರಾ ಮೊರೆತ್ತಿ ಎಂಬ ವಿದುಷಿಯರು 2007ರಲ್ಲಿ ಕೇಂಬ್ರಿಜ್ಜಿನ ಗಾಯನವೃಂದವೊಂದನ್ನು ವೆನಿಸ್ಸಿಗೆ ಕರೆದೊಯ್ದು, ಅಲ್ಲಿಯ ಹಳೆಯ ಇಗರ್ಜಿಗಳಲ್ಲಿ ಆ ಕಾಲದ ಕೃತಿಗಳನ್ನು ಹಾಡಿಸಿ, ಅಳೆದು, ಕೇಳಿ, 2009ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದಾಗ ಚಿತ್ರ ಬದಲಾಯಿತು. ಎರಡು ವೃಂದಗಳ ಸವಾಲು ಜವಾಬು ಸ್ಫುಟವಾಗಿ ಕೇಳಿಸುತ್ತಿದ್ದುದು ಬಲಿಪೀಠದ ಮುಂದಿನ ಕಿರಿದಾದ ಆವರಣದಲ್ಲಿ. ಅಲ್ಲಿ ಕುಳಿತಿರುತ್ತಿದ್ದವನು ವೆನಿಸ್ ಗಣರಾಜ್ಯದ ಮುಖ್ಯಾಧಿಪತಿಯಾದ ಡೋಜ್. ಆಂದ್ರೆಯಾ ಗ್ರಿಟ್ಟಿ ಎಂಬ ಡೋಜ್‌ನ ಕಾಲದಲ್ಲಿ, ಹೊರಗಿನ ಎತ್ತರದ ಕಟ್ಟೆಯಲ್ಲಿದ್ದ ಆಸನ ಒಳಗಿನ ಆವರಣಕ್ಕೆ ಬಂದಿತು. ವಯಸ್ಸಾಗಿ ಮೈಭಾರವಾಗಿದ್ದ ಗ್ರಿಟ್ಟಿಗೆ ಮೆಟ್ಟಿಲೇರುವುದು ಕಷ್ಟವಾಗಿತ್ತೆಂದು ಹೇಳುತ್ತಾರೆ. ವಾಸ್ತುಶಿಲ್ಪಿ ಸಾನ್ಸೊವಿನೊ 1530 ಮತ್ತು 1540ರ ದಶಕಗಳಲ್ಲಿ ಆ ಆವರಣದ ಎರಡು ಬದಿಗಳಲ್ಲಿ ಗಾಯಕರಿಗೆ ಎದುರುಬದುರಾಗಿ ಎರಡು ಅಟ್ಟಗಳನ್ನು ಕಟ್ಟಿದ. ಅವೆರಡರ ನಡುವೆ ಡೋಜ್‌ನ ಪೀಠ. ನಡುಹಜಾರದಲ್ಲಿ ನಿಂತ ಮೀನುಗಾರ, ನೇಯ್ಗೆಯವನು, ಹಡಗುಕಟ್ಟೆಯ ಕೂಲಿ ಇವರಿಗೆ ತಲುಪುತ್ತಿದ್ದುದು ಗುಮ್ಮಟಗಳಲ್ಲಿ ಸುತ್ತಿ ಸುತ್ತಿ ಮಸುಕಾದ ನಾದ.

ಇಷ್ಟು ತಿಳಿದ ಮೇಲೆ ವಿಲಾರ್ಟ್ ಮತ್ತು ಗಾಬ್ರಿಯೇಲಿಗಳನ್ನು ನಿಂದಿಸುವುದು ಸುಲಭ. ಅದು ಅನ್ಯಾಯ. ಡೋಜ್‌ನ ಸಂಬಳ ಉಣ್ಣುವವರು ಅವರು. ದೇವಾಲಯವೇ ಡೋಜ್‌ನ ಸ್ವಂತ ಪ್ರಾರ್ಥನಾಮಂದಿರವಾಗಿತ್ತು. ಕಲ್ಲನ್ನು ಅವರು ಇಡಲಿಲ್ಲ, ಪೀಠವನ್ನು ಅವರು ಸರಿಸಲಿಲ್ಲ. ಅಲ್ಲದೆ ತಮ್ಮ ಕೃತಿಗಳನ್ನು ಅಚ್ಚು ಹಾಕಿಸಿ ಪರಊರುಗಳ ಗಾಯಕರ ಕೈಗೂ ಕೊಟ್ಟರು. ಜರ್ಮನಿಯಿಂದ ಬಂದು ಜೊವಾನ್ನಿಯ ಬಳಿ ಕಲಿತ ಹೈನ್ರಿಖ್ ಶುಟ್ಸ್ ಆ ವಿದ್ಯೆಯನ್ನು ಡ್ರೆಸ್ಡೆನ್ನಿಗೆ ಕೊಂಡೊಯ್ದ. ಇನ್ನೂ ಒಂದು ಸಮಾಧಾನವುಂಟು. ಆ ಸಂಗೀತ ದೇವರಿಗೆ ಸಲ್ಲಿಸಿದ್ದು. ಮನುಷ್ಯರಿಗೆ ಕೇಳಿಸಿದರೆಷ್ಟು, ಬಿಟ್ಟರೆಷ್ಟು ಎಂಬುದು ಅವರ ನಂಬಿಕೆಯಾಗಿರಬಹುದು. ನೈವೇದ್ಯವನ್ನು ಭಕ್ತರ ಹಸಿವನ್ನು ನೋಡಿ ಅಳೆಯುವುದಿಲ್ಲ. ಈ ವಾದ ಗಂಭೀರವಾದುದು, ತಳ್ಳಿಹಾಕತಕ್ಕುದಲ್ಲ. ಆದರೆ ದೇವರಿಗೆಂದು ಹಾಡಿದ್ದು ಎಲ್ಲಿ ಕುಳಿತರೆ ಚೆನ್ನಾಗಿ ಕೇಳಿಸುವುದೋ ಅಲ್ಲಿಯೇ ಅಧಿಕಾರದ ಪೀಠ ಬಂದು ಕುಳಿತುಕೊಂಡಿತೆಂಬ ಸಂಗತಿ ಆ ವಾದದ ಪಕ್ಕದಲ್ಲೇ ನಿಂತಿರುತ್ತದೆ.

ಸ್ಥಳದ ಮಮಕಾರ ಇನ್ನೂ ಮುಂದೆ ಹೋದ ಉದಾಹರಣೆ ರೋಮಿನಲ್ಲಿದೆ. ಪೋಪನ ಸಿಸ್ಟೀನ್ ಪ್ರಾರ್ಥನಾಮಂದಿರಕ್ಕಾಗಿ ಗ್ರೆಗೋರಿಯೊ ಅಲ್ಲೆಗ್ರಿ 1630ರ ದಶಕದಲ್ಲಿ ಐವತ್ತೊಂದನೆಯ ಕೀರ್ತನೆಗೆ, ಕ್ಷಮಾಯಾಚನೆಯ ಆ ಕೀರ್ತನೆಗೆ, ಎರಡು ವೃಂದಗಳ ಸಂಗೀತವನ್ನು ಕೂಡಿಸಿದ. ಪವಿತ್ರ ವಾರದಲ್ಲಿ ಮೇಣದ ಬತ್ತಿಗಳನ್ನು ಒಂದೊಂದಾಗಿ ಆರಿಸುತ್ತ ಅದನ್ನು ಹಾಡುತ್ತಿದ್ದರು. ಹೊರಗೆ ಪ್ರತಿ ಹೋಗದಂತೆ ಕಾಪಾಡುತ್ತಿದ್ದರೆಂದು ಪ್ರತೀತಿ. 1770ರಲ್ಲಿ ತಂದೆಯೊಡನೆ ರೋಮಿಗೆ ಬಂದ ಹದಿನಾಲ್ಕರ ಬಾಲಕ ಮೊಟ್ಸಾರ್ಟ್ ಅದನ್ನು ಕೇಳಿ ಬಿಡಾರಕ್ಕೆ ಹೋಗಿ ನೆನಪಿನಿಂದ ಬರೆದಿಟ್ಟ. ಮರುವರ್ಷ ಇಂಗ್ಲೆಂಡಿನ ಚಾರ್ಲ್ಸ್ ಬರ್ನಿ ಅದನ್ನು ಅಚ್ಚು ಹಾಕಿಸಿದ. ಅಚ್ಚಾದ ಪ್ರತಿಯನ್ನು ನೋಡಿದವರಿಗೆ ಆಶ್ಚರ್ಯ: ಕಾಗದದ ಮೇಲೆ ಬಹಳ ಸರಳವಾದ ಸ್ವರಪಂಕ್ತಿ. ಜನರನ್ನು ಬೆರಗುಗೊಳಿಸುತ್ತಿದ್ದುದು ಆ ಮಂದಿರದ ಗಾಯಕರು ವಂಶಾನುವಂಶವಾಗಿ ಕೂಡಿಸುತ್ತ ಬಂದ ಅಲಂಕಾರಗಳು, ಆ ಎತ್ತರದ ಮಾಡು, ಕತ್ತಲು. ಇಂದು ಲೋಕವೆಲ್ಲ ಕೇಳುವ ಪಾಠದಲ್ಲಿ ಬರುವ ಪ್ರಸಿದ್ಧವಾದ ಅತ್ಯುಚ್ಚ ಸ್ವರವು ಅನಂತರ ಪ್ರತಿ ಮಾಡುವಲ್ಲಿ ನುಸುಳಿದ ತಪ್ಪೆಂದು ಪಂಡಿತರು ತೋರಿಸಿದ್ದಾರೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇದ್ದುದೇನೆಂಬುದು ಪೆಟ್ಟಿಗೆ ಒಡೆದವನಿಗೂ ಪೂರ್ತಿ ದೊರೆಯಲಿಲ್ಲ. ಕಾವಲು ಕಾದವನಿಗೂ ಉಳಿಯಲಿಲ್ಲ.

ಜರ್ಮನಿಯ ಲೈಪ್ಸಿಗ್ ನಗರದ ಸಂತ ಥಾಮಸನ ಇಗರ್ಜಿಯ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಈ ವಿಚಾರಕ್ಕೆ ಬಹುಮುಖ್ಯವಾದುದೂ ಹೌದು. ಕಲ್ಲಿನ ಆ ಎತ್ತರದ ಮಂದಿರದಲ್ಲಿ ಮೊದಲು ನಾದ ದೀರ್ಘಕಾಲ ನಿಲ್ಲುತ್ತಿತ್ತು. ಲ್ಯಾಟಿನ್ ಮಂತ್ರಗಳನ್ನು ನೀಳವಾಗಿ ಹಾಡುವ ಪುರೋಹಿತರಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಅರ್ಥವಾಗಲೇಬೇಕೆಂಬ ನಿಯಮವೇ ಇರಲಿಲ್ಲವಲ್ಲ. ಹದಿನಾರನೆಯ ಶತಮಾನದ ಧರ್ಮಸುಧಾರಣೆಯೊಡನೆ ಪರಿಸ್ಥಿತಿ ಬದಲಾಯಿತು. 1539ರಲ್ಲಿ ಲೂಥರನು ಅಲ್ಲಿ ಬೋಧಿಸಿದ. ಜನರ ಆಡುಮಾತಿನಲ್ಲಿ ಬೋಧನೆ ಆಗಬೇಕು, ಅದು ಕೊನೆಯ ಸಾಲಿನವನಿಗೂ ತಿಳಿಯಬೇಕು ಎಂಬ ಹೊಸ ಕಟ್ಟಳೆಗೆ ತಕ್ಕಂತೆ ಮುಂದಿನ ದಶಕಗಳಲ್ಲಿ ಮರದ ಉಪ್ಪರಿಗೆಗಳು, ಮರದ ಪೀಠಗಳು, ಪರದೆಗಳು ಆ ಕಲ್ಲಿನ ಒಡಲೊಳಗೆ ಸೇರಿದವು. ಮರ ಶಬ್ದವನ್ನು ಹೀರಿಕೊಂಡಿತು. ಬ್ರಿಟನ್ನಿನ ಧ್ವನಿಶಾಸ್ತ್ರಜ್ಞ ಹೋಪ್ ಬೇಜನಲ್ ಇಪ್ಪತ್ತನೆಯ ಶತಮಾನದಲ್ಲಿ ಈ ಸಂಗತಿಯನ್ನು ಎತ್ತಿ ತೋರಿಸಿದ. ಜನ ತುಂಬಿದಾಗ ಅಲ್ಲಿ ಅನುರಣನ ಸುಮಾರು ಎರಡೂವರೆ ಸೆಕೆಂಡಿಗೆ ಇಳಿದಿರಬೇಕೆಂದು ಅವನ ಅಂದಾಜು. 1723ರಿಂದ 1750ರವರೆಗೆ ಆ ನಗರದಲ್ಲಿ ಸಂಗೀತದ ಹೊಣೆ ಹೊತ್ತ ಯೊಹಾನ್ ಸೆಬಾಸ್ಟಿಯನ್ ಬಾಖನ ನಾಲ್ಕೈದು ಎಳೆಗಳು ಹೆಣೆದುಕೊಂಡು ವೇಗವಾಗಿ ಓಡುವ ಸಂಗೀತ, ಅದರ ಮಾತು, ಅದರ ತಿರುವು, ಆ ಮರದ ಒಳಮೈ ಇಲ್ಲದಿದ್ದರೆ ಕೇಳಿಸುತ್ತಲೇ ಇರಲಿಲ್ಲವೆಂದು ಬೇಜನಲ್ ವಾದಿಸಿದ.

ಇದರ ಅರ್ಥವನ್ನು ನಿಧಾನವಾಗಿ ಗ್ರಹಿಸಬೇಕು. ಆ ಉಪ್ಪರಿಗೆಗಳನ್ನು ಕಟ್ಟಿಸಿದವರು ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಕಮ್ಮಾರನಿಗೂ ರೊಟ್ಟಿ ಸುಡುವವನಿಗೂ ಬೋಧಕನ ಮಾತು ತಿಳಿಯಲಿ ಎಂಬುದಷ್ಟೇ ಅವರ ಉದ್ದೇಶ. ಆ ನೈತಿಕ ನಿರ್ಧಾರವು ಬಡಗಿಯ ಕೈಯಿಂದ ಮರವಾಯಿತು. ಮರ ನಾದದ ಆಯುಸ್ಸನ್ನು ಕಡಿಮೆ ಮಾಡಿತು. ಆ ಕಿರಿದಾದ ಆಯುಸ್ಸಿನಲ್ಲಿ ಎರಡು ಶತಮಾನಗಳ ತರುವಾಯ ಒಬ್ಬ ರಚನಕಾರನಿಗೆ ಎಂದೂ ಇಲ್ಲದ ಸೂಕ್ಷ್ಮತೆ ಸಾಧ್ಯವಾಯಿತು. ಸಾಮಾನ್ಯನ ಕಿವಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕಲೆ ಕೆಳಗಿಳಿಯುತ್ತದೆಂದು ವಾದಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಅವರಿಗೆ ಲೈಪ್ಸಿಗ್ಗಿನ ಬಡಗಿಗಳು ಉತ್ತರ ಹೇಳಿದ್ದಾರೆ. ಹಾಗೆಂದು ಅಲ್ಲಿ ಸರ್ವಸಮತೆ ನೆಲೆಸಿತ್ತೆಂದೂ ಹೇಳಲಾಗದು. ಒಳ್ಳೆಯ ಪೀಠಗಳನ್ನು ಉಳ್ಳವರು ಹಣ ಕೊಟ್ಟು ಕಾಯಂ ಮಾಡಿಕೊಳ್ಳುತ್ತಿದ್ದರು. 1880ರ ದಶಕದಲ್ಲಿ ಮಂದಿರವನ್ನು ಹಳೆಯ ಗಾಥಿಕ್ ಮಾದರಿಗೆ ಮರಳಿಸುವ ಹುರುಪಿನಲ್ಲಿ ಆ ಕಾಲದ ಒಳರಚನೆಯನ್ನೆಲ್ಲ ತೆಗೆದುಹಾಕಿದರು. ಬಾಖನು ಕೇಳಿದ ಕೋಣೆ ಇಂದು ಲೈಪ್ಸಿಗ್ಗಿನಲ್ಲಿಯೂ ಇಲ್ಲ.

ಭಾರತದ ಸಂಗೀತಕ್ಕೆ ಕಟ್ಟಡದ ಈ ಹಂಗು ಇಲ್ಲವೆಂದು ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಪೂರ್ತಿ ನಿಜವಲ್ಲ. ದಕ್ಷಿಣದ ದೇವಾಲಯಗಳಲ್ಲಿ ಉತ್ಸವಮೂರ್ತಿ ಹೊರಡುವಾಗ ನಾಗಸ್ವರ ಡೋಲುಗಳಲ್ಲಿ ನುಡಿಸುವ, ಗಂಭೀರನಾಟ ರಾಗದ ಮಲ್ಲಾರಿ ಸ್ಥಳಕ್ಕೂ ಸಂದರ್ಭಕ್ಕೂ ಕಟ್ಟುಬಿದ್ದ ಸಂಗೀತವೇ. ಅಲ್ಲಿ ಶ್ರೋತೃವಿಗೆ ನಿಯತವಾದ ಪೀಠವಿಲ್ಲ. ಬಯಲಿಗೆಂದೇ ಹುಟ್ಟಿದ ಆ ದೊಡ್ಡ ದನಿ ತಾನೇ ನಡೆದು ಮನೆಮನೆಯ ಬಾಗಿಲಿಗೆ ಬರುತ್ತದೆ. ವೆನಿಸ್ಸಿನ ಪೀಠದ ಸಮಸ್ಯೆಗೆ ಇದಕ್ಕಿಂತ ಸೊಗಸಾದ ಪರಿಹಾರ ಬೇರೆ ಇರಲಾರದೆಂದು ತೋರುತ್ತದೆ. ಆದರೆ ಉತ್ಸವ ಯಾವ ಬೀದಿಗಳಲ್ಲಿ ಹೋಗುತ್ತಿತ್ತು, ಯಾವ ಕೇರಿಗಳತ್ತ ತಿರುಗುತ್ತಲೇ ಇರಲಿಲ್ಲ ಎಂದು ಕೇಳಿದ ಕೂಡಲೇ ಹೆಮ್ಮೆಗೆ ಮಾತು ನಿಲ್ಲುತ್ತದೆ.

ಪೀಠಗಳ ತಾರತಮ್ಯವನ್ನು ಉದ್ದೇಶಪೂರ್ವಕವಾಗಿ ಅಳಿಸಲು ಹೊರಟವನು ರಿಚರ್ಡ್ ವಾಗ್ನರ್. 1876ರಲ್ಲಿ ಬೈರಾಯ್ಟ್ ಎಂಬ ಸಣ್ಣ ಊರಿನಲ್ಲಿ ಅವನು ತೆರೆದ ರಂಗಮಂದಿರದಲ್ಲಿ, ಆ ಕಾಲದ ನಾಟಕಶಾಲೆಗಳಲ್ಲಿದ್ದಂತೆ ಗೋಡೆಯುದ್ದಕ್ಕೂ ಶ್ರೀಮಂತರ ಕೋಣೆಗಳಿಲ್ಲ. ಬೀಸಣಿಗೆಯಂತೆ ಹರಡಿದ ಮೆಟ್ಟಿಲುಸಾಲುಗಳಲ್ಲಿ ಎಲ್ಲರ ಮುಖವೂ ರಂಗದತ್ತಲೇ. ವಾದ್ಯಗಾರರು ರಂಗದ ಕೆಳಗಿನ ಮುಚ್ಚಿದ ಹಳ್ಳದಲ್ಲಿ ಅದೃಶ್ಯರು. ಪ್ರವೇಶ ಉಚಿತವಾಗಿರಬೇಕೆಂಬುದು ಅವನ ಮೊದಲ ಕನಸು. ಹಣದ ಅಡಚಣೆ ಅದನ್ನು ಬಹುಬೇಗ ಮುರಿಯಿತು. 1882ರ 'ಪಾರ್ಸಿಫಾಲ್' ಆ ಮಂದಿರದ ಧ್ವನಿಗುಣವನ್ನು ಅರಿತು ಬರೆದ ಕೃತಿ. ಅದು ಅಲ್ಲಿ ಬಿಟ್ಟು ಬೇರೆಲ್ಲೂ ಆಡಬಾರದೆಂದು ಅವನ ಅಪೇಕ್ಷೆ. ಅವನ ನಂತರ ಪತ್ನಿ ಕೊಸಿಮಾ ಅದಕ್ಕಾಗಿ ಹೋರಾಡಿದಳು. 1903ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನವರು ಅವಳ ವಿರೋಧವನ್ನು ಲೆಕ್ಕಿಸದೆ ಆಡಿಯೇ ಬಿಟ್ಟರು. ಒಳಗೆ ಬಂದವರೆಲ್ಲರೂ ಸಮಾನರು, ಆದರೆ ಇಲ್ಲಿಗೇ ಬರಬೇಕು: ಉದಾರತೆ ಮತ್ತು ಹಠ ಒಂದೇ ಬಾಗಿಲಿನ ಎರಡು ಕದಗಳಂತೆ ಅಲ್ಲಿ ಕೂಡಿದ್ದವು.

ಯಂತ್ರಯುಗವು ಈ ತಾರತಮ್ಯವನ್ನು ಬೇರೊಂದು ದಾರಿಯಿಂದ ನಿವಾರಿಸಲು ಯತ್ನಿಸಿತು. 1958ರ ಬ್ರಸೆಲ್ಸ್ ಜಾಗತಿಕ ಪ್ರದರ್ಶನಕ್ಕೆ ಫಿಲಿಪ್ಸ್ ಕಂಪನಿಯು ತನ್ನ ಮಂಟಪವನ್ನು ಕಟ್ಟುವ ಕೆಲಸವನ್ನು ಲ ಕಾರ್ಬ್ಯೂಸಿಯೇಗೆ ಒಪ್ಪಿಸಿತು. ಅವನ ಕಾರ್ಯಾಲಯದಲ್ಲಿದ್ದ, ಸ್ವತಃ ರಚನಕಾರನೂ ಆದ ಯಾನಿಸ್ ಕ್ಸೆನಾಕಿಸ್ ನೆಟ್ಟಗಿನ ಗೋಡೆಯೇ ಇಲ್ಲದ, ಗಾಳಿಗೆ ಬಾಗಿದ ಹಾಯಿಗಳಂತಹ ಕಾಂಕ್ರೀಟ್ ಮೈಯನ್ನು ರೂಪಿಸಿದ. ಅದಕ್ಕೆಂದೇ ಎಡ್ಗಾರ್ ವಾರೆಸ್ ಎಂಟು ನಿಮಿಷದ ವಿದ್ಯುನ್ಮಾನ ಕೃತಿಯೊಂದನ್ನು ರಚಿಸಿದ. ಗೋಡೆಗಳಿಗೆ ಅಂಟಿಸಿದ 300ಕ್ಕೂ ಹೆಚ್ಚು ಧ್ವನಿವರ್ಧಕಗಳಲ್ಲಿ ಶಬ್ದವು ದಾರಿಗಳಲ್ಲಿ ಓಡುವಂತೆ ತಲೆಯ ಮೇಲೆ ಸುಳಿದಾಡುತ್ತಿತ್ತು. ಒಂದು ತಂಡ ಹೊರಟು ಇನ್ನೊಂದು ತಂಡ ಒಳಬರುವ ನಡುವೆ ಕ್ಸೆನಾಕಿಸನು ಉರಿಯುವ ಇದ್ದಿಲಿನ ಚಟಪಟ ಸದ್ದಿನಿಂದಲೇ ಕಟ್ಟಿದ ಪುಟ್ಟ ಕೃತಿ ಕೇಳಿಬರುತ್ತಿತ್ತು. ಪೀಠಗಳಿಲ್ಲ, ಡೋಜ್ ಇಲ್ಲ. ಲಕ್ಷಗಟ್ಟಲೆ ಜನ ನಿಂತು ಕೇಳಿದರು. ಪ್ರದರ್ಶನ ಮುಗಿದು 1959ರ ಆರಂಭದಲ್ಲಿ ಮಂಟಪವನ್ನು ಕೆಡವಿದರು. ಕೃತಿ ಇಂದು ಎರಡು ಧ್ವನಿವರ್ಧಕಗಳಿಂದ ಕೇಳಿಸುತ್ತದೆ. ಆಡುವ ಮೈದಾನವನ್ನೇ ಕಳೆದುಕೊಂಡ ಮಗುವನ್ನು ಅಂಗಳದಲ್ಲಿ ಕೂರಿಸಿದಂತೆ ಅದು.

ಇಲ್ಲಿ ಒಂದು ಕಠಿಣವಾದ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಎಲ್ಲರಿಗೂ ಒಂದೇ ರೀತಿ ಕೇಳಿಸಬೇಕೆಂಬುದೇ ಧ್ಯೇಯವಾದರೆ ಅದನ್ನು ಪೂರ್ಣವಾಗಿ ಈಡೇರಿಸುವುದು ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರ. ಅಲ್ಲಿ ಪ್ರತಿಯೊಬ್ಬನೂ ಡೋಜ್. ಆದರೆ ಅಲ್ಲಿ ಸ್ಥಳವೇ ಇಲ್ಲ. ಪಕ್ಕದಲ್ಲಿ ಕುಳಿತು ತನ್ನ ಮೈಯಿಂದ ನಾದವನ್ನು ತುಸು ನುಂಗಿಕೊಳ್ಳುವ ಇನ್ನೊಬ್ಬನೂ ಇಲ್ಲ. ಸ್ಥಳವಿದ್ದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಕಂಬದ ಹಿಂದೆ ನಿಂತವನಿಗೆ ಕಂಬದ ಹಿಂದಿನ ಸಂಗೀತ. ಆದುದರಿಂದ ದೋಷ ವ್ಯತ್ಯಾಸದಲ್ಲಿಲ್ಲ. ಕಂಬದ ಹಿಂದೆ ಒಬ್ಬನು ನಿಂತಿದ್ದಾನೆಂಬುದನ್ನು ರಚನಕಾರನು ನೆನೆದನೇ, ರಚಿಸುವ ಮೊದಲು ತಾನೊಮ್ಮೆ ಅಲ್ಲಿ ಹೋಗಿ ನಿಂತನೇ, ಅಲ್ಲಿಯವನಿಗೂ ಕೊಡಬಹುದಾದುದೇನಾದರೂ ಇದೆಯೇ ಎಂದು ಹುಡುಕಿದನೇ ಎಂಬಲ್ಲಿ ಅವನ ಹೊಣೆ ಇದೆ. ಕಲ್ಲನ್ನು ಸರಿಸಲು ಅವನಿಗೆ ಅಧಿಕಾರವಿಲ್ಲದಿರಬಹುದು. ನಡೆದು ಹೋಗಿ ನಿಲ್ಲಲು ಯಾರ ಅಪ್ಪಣೆಯೂ ಬೇಡ. ದೀರ್ಘ ಅನುರಣನದ ಮಂದಿರದಲ್ಲಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಅವನು ಬಿಡುವ ಮೌನ ಕೇವಲ ಶೈಲಿಯಲ್ಲ. ದೂರದಲ್ಲಿ ನಿಂತವನಿಗೆ ಹಿಂದಿನ ಸ್ವರ ತಲುಪಿ ತಿಳಿಯಾಗುವಷ್ಟು ಹೊತ್ತು ಕಾಯುವ ಸಂಯಮವದು.

ಇನ್ನು ಈ ಶತಮಾನದ ಸಂಗತಿ. ಇಸ್ತಾಂಬುಲಿನ ಹಾಗಿಯಾ ಸೋಫಿಯಾ 537ರಲ್ಲಿ ಇಗರ್ಜಿಯಾಗಿ ಪ್ರತಿಷ್ಠೆಗೊಂಡು, 1453ರಲ್ಲಿ ಮಸೀದಿಯಾಗಿ, 1935ರಲ್ಲಿ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮತ್ತೆ ಮಸೀದಿಯಾಯಿತು. ಅಲ್ಲಿ ನಾದ ಹತ್ತು ಸೆಕೆಂಡುಗಳಿಗೂ ಮೀರಿ ಉಳಿಯುತ್ತದೆ. ಬೈಜಾಂಟಿಯಮ್ಮಿನ ಗಾಯಕರು ಆ ಗುಮ್ಮಟಕ್ಕೆಂದೇ ಹೊಂದಿಸಿದ ಹಾಡುಗಳು ಹಸ್ತಪ್ರತಿಗಳಲ್ಲಿವೆ. ಅಲ್ಲಿ ಹಾಡಲು ಮಾತ್ರ ಅವಕಾಶವಿರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಲಾ ಇತಿಹಾಸಜ್ಞೆ ಬಿಸ್ಸೆರಾ ಪೆಂಚೇವಾ 2010ರಲ್ಲಿ ಆ ಗುಮ್ಮಟದ ಕೆಳಗೆ ಬಲೂನುಗಳನ್ನು ಒಡೆಯಿಸಿ ಆ ಸದ್ದನ್ನು ಧ್ವನಿಮುದ್ರಿಸಿಕೊಂಡರು. ಬಲೂನಿನ ಒಂದು ಠಪ್ ಎಂಬ ಸದ್ದಿಗೆ ಕಟ್ಟಡ ಕೊಟ್ಟ ಉತ್ತರದಿಂದ ಅದರ ಧ್ವನಿಗುಣವನ್ನೆಲ್ಲ ಗಣಿತದ ಮೂಲಕ ತೆಗೆಯಬಹುದು. ಸಹೋದ್ಯೋಗಿ ಜೊನಾಥನ್ ಏಬೆಲ್ ಆ ಲೆಕ್ಕವನ್ನು ಮಾಡಿದರು. ಕಪೆಲ್ಲಾ ರೊಮಾನಾ ಎಂಬ ಗಾಯನವೃಂದವು ಕ್ಯಾಲಿಫೋರ್ನಿಯಾದ ಸಭಾಂಗಣದಲ್ಲಿ ಹಾಡಿದ್ದನ್ನು ಆ ಗುಣದಲ್ಲಿ ಅದ್ದಿ ಕೇಳಿಸಿದರು. 2019ರಲ್ಲಿ ಧ್ವನಿಮುದ್ರಿಕೆಯೂ ಹೊರಬಂದಿತು. ಹಾಡುವಾಗ ಕೃತಕವಾದ ಆ ಅನುರಣನ ತಮ್ಮ ಕಿವಿಗೆ ಬೀಳುತ್ತಿದ್ದುದರಿಂದ ಗಾಯಕರು ತಾವಾಗಿಯೇ ನಿಧಾನವಾದರು. ಇಲ್ಲದ ಗುಮ್ಮಟವೂ ಅವರನ್ನು ಕಾಯುವಂತೆ ಮಾಡಿತು.

ಇದನ್ನು ಅಪಹರಣವೆನ್ನಬೇಕೇ? ಒಂದು ಕಟ್ಟಡದ ದನಿ ಯಾರ ಸ್ವತ್ತು? ಕಟ್ಟಿಸಿದ ಚಕ್ರವರ್ತಿಯದೋ, ಇಂದು ಅಲ್ಲಿ ನಮಾಜು ಮಾಡುವವರದೋ, ಹಾಡು ಕಳೆದುಕೊಂಡವರದೋ? ಕಲ್ಲೊಂದನ್ನೂ ಕದಲಿಸದೆ, ಯಾರ ಪ್ರಾರ್ಥನೆಗೂ ಅಡ್ಡಬಾರದೆ ತೆಗೆದುಕೊಂಡದ್ದನ್ನು ಕಳವೆಂದು ಕರೆಯುವುದು ಕಷ್ಟ. ತೆಗೆದವರು ವರ್ಷಗಟ್ಟಲೆ ಆ ಸ್ಥಳವನ್ನು ಅಭ್ಯಾಸ ಮಾಡಿದವರೂ ಹೌದು. ಆದರೆ ಈ ವಿದ್ಯೆ ಈಗ ಎಲ್ಲರ ಕೈಗೆ ಬಂದಿದೆ. ಸ್ಟುಡಿಯೋದಲ್ಲಿ ಕುಳಿತವನು ಗಣಕಯಂತ್ರದ ಪಟ್ಟಿಯಿಂದ ಯಾವುದೋ ದೇವಾಲಯದ, ಯಾವುದೋ ಗುಹೆಯ ಅನುರಣನವನ್ನು ಬೆರಳ ತುದಿಯಿಂದ ಆರಿಸಿ ಜಾಹೀರಾತಿನ ಹಾಡಿಗೆ ಲೇಪಿಸುತ್ತಾನೆ. ಆ ಸ್ಥಳಕ್ಕೆ ಅವನು ಹೋಗಿಲ್ಲ, ಅಲ್ಲಿಯ ಕಂಬದ ಹಿಂದೆ ನಿಂತಿಲ್ಲ. ಅಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ತುಂಬಿಟ್ಟಿರುವುದು ಅಳತೆಗೆಂದು ಬರಿದು ಮಾಡಿದ ಮಂದಿರದ ದನಿ. ಕೇಳಲು ಬಂದವರ ಮೈ ನುಂಗಿಕೊಂಡ ಭಾಗ ಅದರಲ್ಲಿ ಇರುವುದಿಲ್ಲ.

ವೆನಿಸ್ಸಿನಲ್ಲಿ 2007ರಲ್ಲಿ ನಡೆದ ಪ್ರಯೋಗದ ಬಗೆಗೆ ಒಂದು ವಿವರ ಉಳಿದಿದೆ. ಅಲ್ಲಿ ಯಂತ್ರಗಳ ಅಳತೆಯೊಂದನ್ನೇ ನೆಚ್ಚಲಿಲ್ಲ. ಗಾಯನ ಕೇಳಲು ಬಂದವರು ಇಗರ್ಜಿಗಳಲ್ಲಿ ಕುಳಿತರು; ಅವರ ಕೈಗೆ ಒಂದೊಂದು ಪ್ರಶ್ನಪತ್ರವನ್ನು ಕೊಟ್ಟು, ಕುಳಿತಲ್ಲಿಂದ ಹೇಗೆ ಕೇಳಿಸಿತೆಂದು ಬರೆಯಲು ಹೇಳಿದರು. ಬರೆದ ಕಾಗದಗಳನ್ನು ತೆಗೆದುಕೊಂಡು ಯಂತ್ರದ ಲೆಕ್ಕಗಳ ಜೊತೆಗಿಟ್ಟರು.